ಸೇಡಂ ಕಡೆ ಸುಣ್ಣದಕಲ್ಲಿನ ಖಣಿ: ಗೋಡಿ ಬಿರುಕು ಸಿಡಿಮದ್ದಿನಿಂದನೋ, ಎರಿ ಮಣ್ಣಿನಿಂದನೋ?

ಎರಿಹೊಲ:

ಸೇಡಂ ತಾಲ್ಲೂಕಿನ ನಮ್ಮ ಊರಿಂದ ಸುಣ್ಣದಕಲ್ಲಿನ ಖಣಿ ಸುಮಾರು 600 ಮೀಟರ್ ದೂರದಾಗ ಅದ. ಬ್ಲಾಸ್ಟ್ ಆದಾಗ ಕಿಡಕಿ ಗಡಗಡ ಅಂತಾವ. ಕಲ್ಲು-ಮಣ್ಣಿನ ಹಳೇ ಮನಿಗಳಾಗ ಬಾಗಿಲ ಮೂಲಿಯಿಂದ ಓರೆ ಬಿರುಕು ಬಂದಾವ. ಖಣಿಯವರು ಇದು ಎರಿ ಭೂಮಿ, ತಾನೇ ಬಿರೀತದ ಅಂತಾರ. ಊರವರು ಎಲ್ಲಾ ಮದ್ದಿನಿಂದಲೇ ಅಂತಾರ. ಬೋರಿನ ನೀರು ಕೆಳಗ ಹೋಗ್ಯಾದ, ತೊಗರಿ ಹೂವಿನ ಮ್ಯಾಲ ಧೂಳು ಕೂಡತದ. ಗ್ರಾಮಸಭೆಯಾಗ ಬರೇ ಬಾಯಿಮಾತು ನಡೆಯಂಗಿಲ್ಲ. ಏನೇನು ಅಳತಿ ಬರದು ಇಟ್ಕೋಬೇಕು, ಬಲ್ಲವರು ಹೇಳ್ರಿ.

ಬೆಂಚ್_ಶಾಟ್:

ಒಳಗ ಏನು ನಡೀತದ ಅನ್ನೋದು ತಿಳಿದ್ರ ಏನು ಕೇಳಬೇಕು ಅನ್ನೋದೂ ತಿಳೀತದ, ಅಣ್ಣಾ.

ತೆಲಂಗಾಣದ ಸಿಂಗರೇಣಿಯ ಬಯಲು ಕಲ್ಲಿದ್ದಲು ಗಣಿಗಳಲ್ಲಿ ಕಲ್ಲಿದ್ದಲಿನ ಹಲವು ಪಟ್ಟು ಮೇಲ್ಮಣ್ಣು, ಮೇಲ್ಗಲ್ಲು ಎತ್ತಿ ಗುಡ್ಡೆ ಹಾಕಬೇಕಾಗುತ್ತದೆ. ನಮ್ಮ ಕಡೆ ಎರಿ ಮಣ್ಣು ಸರಿಸಿದರೆ ಸುಣ್ಣದಕಲ್ಲು ಸಿಗುತ್ತದೆ, ಪದರಗಳೂ ಬಹುತೇಕ ಮಟ್ಟಸ. ಹಾಗಾಗಿ ಗುಡ್ಡೆ ಸಣ್ಣದು. ಆದರೆ ಅಗೆದ ಕಲ್ಲೆಲ್ಲ ಸಿಮೆಂಟಿಗೆ ಹೋಗುವುದರಿಂದ ಗುಂಡಿಯನ್ನು ತುಂಬಲು ಮಾಲೇ ಉಳಿಯುವುದಿಲ್ಲ. ಇದನ್ನು ಈಗಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ನೀರಿನ ಮಾತು ಬಂದಾಗ ಬೇಕಾಗುತ್ತದೆ.

ಒಂದು ಸಾಧಾರಣ ಬ್ಲಾಸ್ಟಿನ ಲೆಕ್ಕ ಹೀಗಿರುತ್ತದೆ. ಬೆಂಚಿನ (ಖಣಿಯ ಗೋಡೆಯಲ್ಲಿ ಕಡಿದ ಮೆಟ್ಟಿಲಿನ) ಎತ್ತರ 8 ಮೀಟರ್, ತೂತಿನ ವ್ಯಾಸ 115 ಮಿ.ಮೀ., ಆಳ 8.8 ಮೀಟರ್. ಮುಂದಿನ ಮುಖದಿಂದ ತೂತಿಗೆ 3 ಮೀಟರ್, ತೂತಿನಿಂದ ತೂತಿಗೆ 4 ಮೀಟರ್. ಮೇಲಿನ 3 ಮೀಟರ್ ಮದ್ದಿಲ್ಲದೆ ಜಲ್ಲಿ ಅಥವಾ ಕೊರೆದ ಪುಡಿಯಿಂದ ಮುಚ್ಚಬೇಕು, ಇದೇ ಸ್ಟೆಮ್ಮಿಂಗ್. ಉಳಿದ 5.8 ಮೀಟರಿನಲ್ಲಿ ಸುಮಾರು 48 ಕೆ.ಜಿ. ಆನ್ಫೊ ಹಿಡಿಯುತ್ತದೆ, ಅಂದರೆ ನೂರಕ್ಕೆ 94 ಪಾಲು ಅಮೋನಿಯಂ ನೈಟ್ರೇಟ್, 6 ಪಾಲು ಡೀಸೆಲ್. ಒಂದು ತೂತಿಗೆ ಸುಮಾರು 240 ಟನ್ ಕಲ್ಲು ಉದುರುತ್ತದೆ.

ಊರಿಗೆ ತಟ್ಟುವ ಅದುರು ಒಟ್ಟು ಮದ್ದಿನ ಮೇಲೆ ನಿಂತಿಲ್ಲ, ಒಂದೇ ಕ್ಷಣದಲ್ಲಿ ಸಿಡಿಯುವ ಮದ್ದಿನ ಮೇಲೆ ನಿಂತಿದೆ. 40 ತೂತು ಇದ್ದರೂ ಪ್ರತಿ ತೂತಿಗೆ 17 ಅಥವಾ 25 ಮಿಲಿಸೆಕೆಂಡ್ ಅಂತರ ಕೊಟ್ಟರೆ ಊರಿಗೆ ಹೆಚ್ಚುಕಡಿಮೆ ಒಂದು ತೂತಿನ ಅದುರೇ ಬರುತ್ತದೆ. ಎರಡು ತೂತುಗಳ ನಡುವೆ 8 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದರೆ ಎರಡನ್ನೂ ಕೂಡಿಸಿಯೇ ಎಣಿಸಬೇಕು. ಹಾಗೆ ಮದ್ದು ದುಪ್ಪಟ್ಟಾದರೆ, ಅದುರು ಮೊದಲಿನಷ್ಟೇ ಇರಲು ಮನೆ 1.4 ಪಟ್ಟು ದೂರ ಇರಬೇಕು. ಆದ್ದರಿಂದ ಸಭೆಯಲ್ಲಿ "ಎಷ್ಟು ಮದ್ದು ಹಾಕ್ತೀರಿ" ಅಂತ ಕೇಳಬೇಡಿ. "ಒಂದು ಡಿಲೇಗೆ, ಅಂದರೆ ಒಂದೇ ಕ್ಷಣದಲ್ಲಿ ಸಿಡಿಯುವುದು, ಗರಿಷ್ಠ ಎಷ್ಟು ಕೆ.ಜಿ.?" ಅಂತ ಕೇಳಿ, ಬ್ಲಾಸ್ಟ್ ರಿಜಿಸ್ಟರಿನ ಪ್ರತಿ ಕೇಳಿ.

ಕಲ್ಲು ಹಾರಿ ಬರುವುದಕ್ಕೆ ಕಾರಣ ಬೇರೆ. ಸ್ಟೆಮ್ಮಿಂಗ್ ಕಡಿಮೆ ಆಗಿರುತ್ತದೆ, ಇಲ್ಲವೇ ಮುಂದಿನ ಸಾಲಿನ ಮುಖ ಒಳಗೆ ಕುಸಿದು 3 ಮೀಟರ್ ಇರಬೇಕಾದ ಕಲ್ಲು ಒಂದೂವರೆಗೆ ಇಳಿದಿರುತ್ತದೆ, ಇಲ್ಲವೇ ಸುಣ್ಣದಕಲ್ಲಿನ ಪೊಳ್ಳಿನಲ್ಲಿ ಮದ್ದು ತುಂಬಿಕೊಂಡಿರುತ್ತದೆ. ಬ್ಲಾಸ್ಟಿನ ಮೇಲೆ ಕಿತ್ತಳೆ ಬಣ್ಣದ ಹೊಗೆ ಎದ್ದರೆ ಬಹುತೇಕ ನೀರಿದ್ದ ತೂತಿಗೆ ಆನ್ಫೊ ಹಾಕಿದ್ದಾರೆ ಅಂತ ತಿಳಿಯಿರಿ. ನೀರಿದ್ದಲ್ಲಿ ನೀರಿಗೆ ಕೆಡದ ಸ್ಲರಿ ಅಥವಾ ಎಮಲ್ಷನ್ ಮದ್ದು ಹಾಕಬೇಕು. ಆ ಹೊಗೆ ನೈಟ್ರೋಜನ್ ಡೈಆಕ್ಸೈಡ್, ವಿಷ. ಅದು ಬಂದ ದಿನ ಫೋಟೋ ತೆಗೆದು ಇಡಿ.

ಗೋಡೆ_ತಳಪಾಯ:

ಬಿರುಕಿನ ವಿಷಯದಾಗ ಎರಡೂ ಕಡೆಯವರ ಮಾತು ಅರ್ಧ ಅರ್ಧ ಖರೆ ಇರಬಹುದು, ಅದಕ್ಕೇ ಅಳತೆ ಬೇಕು.

ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ, ಮಾರ್ಚ್‌ನಿಂದ ಮೇ ತನಕ ಕುಗ್ಗುತ್ತದೆ. ಅದರಿಂದ ಬಂದ ಬಿರುಕು ಬೇಸಿಗೆಯಲ್ಲಿ ಅಗಲ, ಶ್ರಾವಣದ ಹೊತ್ತಿಗೆ ಸಣ್ಣದು. ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣಗೆ ಇರುತ್ತದೆ, ಜತೆಗೆ ನೆಲಕ್ಕೆ ಹಾಸಿದ ಪರ್ಸಿ ಕಲ್ಲು ಏಳುತ್ತದೆ, ಬಾಗಿಲ ಚೌಕಟ್ಟು ಬಿಗಿಯುತ್ತದೆ. ಅದುರಿನ ಬಿರುಕಿಗೆ ಋತುವಿನ ಹಂಗಿಲ್ಲ. ಬಾಗಿಲು-ಕಿಡಕಿ ಮೂಲೆಯಿಂದ ಓರೆಯಾಗಿ, ಕೆಲವೊಮ್ಮೆ ಒಂದರ ಮೇಲೊಂದು ಅಡ್ಡಹಾಯ್ದು ಬರುತ್ತದೆ. ಆದರೆ ಓರೆ ಬಿರುಕು ತಳಪಾಯ ಕುಸಿದರೂ ಬರುತ್ತದೆ, ಆಕಾರ ಒಂದನ್ನೇ ನಂಬಿ ವಾದ ಮಾಡಬೇಡಿ.

ಬಿರುಕಿನ ಎರಡೂ ಬದಿಗೆ ಒಂದೊಂದು ಮೊಳೆ ಹೊಡೆದು, ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಅಳೆಯಿರಿ. ಬಿಸಿಲಿಗೂ ಗೋಡೆ ಹಿಗ್ಗುತ್ತದೆ, ಅದಕ್ಕೇ ಒಂದೇ ಹೊತ್ತು. ಬಿರುಕಿನ ಮೇಲೆ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಅಂಟಿಸಿ ತಾರೀಖು ಬರೆಯಿರಿ. ಬ್ಲಾಸ್ಟಿನ ಸಮಯದ ವಹಿಯೊಂದನ್ನು ಬೇರೆಯಾಗಿ ಇಡಿ. ಗಾಜು ಒಡೆದ ದಿನ, ಅಂತರ ಬೆಳೆದ ವಾರ ಬ್ಲಾಸ್ಟಿಗೆ ಹೊಂದುತ್ತದೋ ಮಳೆ-ಬಿಸಿಲಿಗೆ ಹೊಂದುತ್ತದೋ ಅನ್ನೋದು ಒಂದು ವರ್ಷದ ವಹಿಯಲ್ಲಿ ಎದ್ದು ಕಾಣುತ್ತದೆ. ಖಣಿಯಿಂದ ದೂರದ, ಅದೇ ಎರಿ ಮಣ್ಣಿನ ಊರಿನ ಒಂದೆರಡು ಮನೆಗಳನ್ನೂ ಹೀಗೇ ಅಳೆದರೆ ವಾದಕ್ಕೆ ನಿಜವಾದ ಬಲ ಬರುತ್ತದೆ.

ಅಂತರ್ಜಲ_ಸೇಡಂ:

ನೀರಿನ ಬಗ್ಗೆ. ಸುಣ್ಣದಕಲ್ಲಿನಲ್ಲಿ ನೀರು ಪದರಗಳ ನಡುವೆ, ಸೀಳುಗಳಲ್ಲಿ, ಕರಗಿದ ಪೊಳ್ಳುಗಳಲ್ಲಿ ಓಡುತ್ತದೆ. ಮೇಲೆ ಹೇಳಿದ ತುಂಬದ ಗುಂಡಿ ಆ ನೀರಿನ ಮಟ್ಟಕ್ಕಿಂತ ಕೆಳಗೆ ಇಳಿದ ದಿನದಿಂದ ಸುತ್ತಲಿನ ನೀರು ಗುಂಡಿಯ ತಳದ ಸಂಪಿನೊಳಗೆ ಜಿನುಗುತ್ತದೆ, ಖಣಿಯವರು ಪಂಪ್ ಮಾಡಿ ಹೊರಗೆ ಬಿಡುತ್ತಾರೆ. ಎಲ್ಲ ಬೋರಿಗೂ ಸಮನಾಗಿ ಪೆಟ್ಟು ಬೀಳುವುದಿಲ್ಲ. ಸೀಳು ಕೂಡಿದ್ದರೆ ಒಂದು ಕಿಲೋಮೀಟರ್ ಆಚೆಯದೂ ಇಳಿಯುತ್ತದೆ, ಕೂಡದಿದ್ದರೆ ಪಕ್ಕದ್ದೂ ಹಾಗೇ ಇರುತ್ತದೆ.

ಜನವರಿ, ಮೇ, ಆಗಸ್ಟ್, ನವೆಂಬರ್ ಈ ನಾಲ್ಕು ತಿಂಗಳು ನೀರಿನ ಮಟ್ಟ ಅಳೆಯಿರಿ. ಕೇಂದ್ರ ಅಂತರ್ಜಲ ಮಂಡಳಿಯೂ ಇವೇ ತಿಂಗಳು ಅಳೆಯುವುದರಿಂದ ಹೋಲಿಕೆ ಸುಲಭ. ಮೋಟಾರ್ ಬಂದ್ ಮಾಡಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಅಳೆಯಬೇಕು, ಇಲ್ಲದಿದ್ದರೆ ಸಂಖ್ಯೆಗೆ ಬೆಲೆ ಇಲ್ಲ. ಮಳೆಯ ಲೆಕ್ಕವನ್ನೂ ಪಕ್ಕದಲ್ಲೇ ಬರೆಯಿರಿ. ಮಳೆ ಚೆನ್ನಾಗಿ ಆದ ವರ್ಷವೂ ನವೆಂಬರ್ ಮಟ್ಟ ಇಳಿದರೆ ಅದು ದೊಡ್ಡ ಸಾಕ್ಷಿ.

ಆ ಸಂಪಿನ ನೀರು ನಾಲಾಕ್ಕೆ ಬಿದ್ದು ಕಾಗಿಣಾ ನದಿಗೆ ಹೋಗುತ್ತಿದ್ದರೆ ಕೆಸರು ತಂಗುವ ಗುಂಡಿ ದಾಟಿಸಿ ಊರ ಕೆರೆಗೆ ಬಿಡಲು ಕೇಳಿ. ಕೆಲವು ಕಲ್ಲಿದ್ದಲು ಗಣಿಗಳ ನೀರು ಗಂಧಕದಿಂದ ಹುಳಿಯಾಗುವಂತೆ ಇದು ಆಗುವುದಿಲ್ಲ. ಗಡಸು ನೀರು ಅಷ್ಟೆ. ಆದರೂ ಮದ್ದಿನ ನೈಟ್ರೇಟ್ ಕೂಡಿರಬಹುದು, ಕುಡಿಯುವ ಮುಂಚೆ ಲ್ಯಾಬಿನಲ್ಲಿ ನೋಡಿಸಿ. ಮಿತಿ ಲೀಟರಿಗೆ 45 ಮಿ.ಗ್ರಾಂ.

ಎರಿಹೊಲ:

ಭಾಳ ಉಪಕಾರ ಆತ್ರಿ. ಖಣಿಯವರು ಅದುರು ಅಳಿಯೋ ಒಂದು ಮಷೀನ್ ತಂದು ಇಟ್ಟಿದ್ರು, ಏನೂ ದಾಖಲಾಗಿಲ್ಲ ಅಂದ್ರು. ಕಿಡಕಿ ಮಾತ್ರ ಅದುರಿದ್ವು. ಇದು ಹ್ಯಾಂಗ?

ಬೆಂಚ್_ಶಾಟ್:

ಎರಡು ಕಾರಣ ಇರಬಹುದು, ಅಣ್ಣಾ. ಕಿಡಕಿ ಅದುರುವುದು ಬಹಳ ಸಲ ನೆಲದಿಂದ ಅಲ್ಲ, ಗಾಳಿಯ ಒತ್ತಡದಿಂದ. ಮೋಡ ಕವಿದ ದಿನ, ಬೆಳಗಿನ ಜಾವ ಅದು ದೂರ ಹಾಯುತ್ತದೆ. ಆದ್ದರಿಂದಲೇ ಮಧ್ಯಾಹ್ನ ಹೊಡೆಯುವುದು ಮೇಲು.

ಇನ್ನೊಂದು, ಮಷೀನಿನ ಟ್ರಿಗರ್, ಅಂದರೆ ಎಷ್ಟು ಅದುರು ಬಂದರೆ ದಾಖಲೆ ಶುರುವಾಗಬೇಕು ಅನ್ನುವ ಮಟ್ಟ. ಅದನ್ನು 5 ಮಿ.ಮೀ./ಸೆಕೆಂಡಿಗೆ ಇಟ್ಟರೆ 4.9 ಬಂದರೂ ದಾಖಲಾಗುವುದಿಲ್ಲ. 0.5ಕ್ಕೆ ಇಡಲು ಹೇಳಿ. ಜಿಯೋಫೋನನ್ನು (ನೆಲದ ಅದುರು ಹಿಡಿಯುವ ಮಷೀನಿನ ಭಾಗ) ತಳಪಾಯದ ಪಕ್ಕದ ಗಟ್ಟಿ ನೆಲದಲ್ಲಿ ಹೂಳಬೇಕು. ಸಡಿಲ ಮಣ್ಣಿನ ಮೇಲೆ, ಮಾಳಿಗೆ ಮೇಲೆ ಇಟ್ಟ ಅಳತೆ ನಡೆಯುವುದಿಲ್ಲ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯಲ್ಲಿ ಗಣಿಗೆ ಸೇರದ ವಾಸದ ಮನೆಗೆ ಮಿತಿ ಹೀಗಿದೆ: ಕಂಪನ 8 ಹರ್ಟ್ಸ್‌ಗಿಂತ (ಸೆಕೆಂಡಿಗೆ 8 ಸಲ ಅದುರುವುದು) ಕಡಿಮೆ ಇದ್ದರೆ 5, 8ರಿಂದ 25ರವರೆಗೆ 10, ಅದಕ್ಕೂ ಮೇಲೆ 15 ಮಿ.ಮೀ./ಸೆಕೆಂಡ್. ಮಳಖೇಡ ಕೋಟೆಯಂಥ ಐತಿಹಾಸಿಕ ಕಟ್ಟಡಕ್ಕೆ 2, 5, 10. ಹಾಗಾಗಿ ಅದುರಿನ ವೇಗ (ಮಿ.ಮೀ./ಸೆಕೆಂಡ್) ಒಂದೇ ಅಲ್ಲ, ಹರ್ಟ್ಸ್ ಕೂಡ ಇರುವ ಪ್ರಿಂಟ್ ಪಡೆಯಿರಿ. ಹರ್ಟ್ಸ್ ಇಲ್ಲದ ಕಾಗದದಿಂದ ಯಾವ ಮಿತಿ ಅನ್ವಯಿಸುತ್ತದೆ ಅಂತಲೇ ಹೇಳಲಾಗದು.

ತೊಗರಿ_ಕಣ:

ಧೂಳಿನ ದೊಡ್ಡ ಪಾಲು ಬ್ಲಾಸ್ಟಿನದಲ್ಲ, ಡಂಪರ್ ಓಡುವ ಕಚ್ಚಾ ದಾರಿಯದು. ತೊಗರಿ ಹೂವಾಡುವ ಅಕ್ಟೋಬರ್-ನವೆಂಬರಿನಲ್ಲಿ ಗಾಳಿ ಮೂಡಣ ಕಡೆಯಿಂದ ತಿರುಗುತ್ತದೆ, ಆಗ ಖಣಿಯ ಪಡುವಣ ಹೊಲಗಳಿಗೆ ಪೆಟ್ಟು ಹೆಚ್ಚು. ಆ ಎರಡು ತಿಂಗಳು ಟ್ಯಾಂಕರ್ ಎಷ್ಟು ಸಲ ನೀರು ಹೊಡೆಯಿತು ಅಂತ ಬರೆದಿಡಿ, ಲಾರಿಗೆ ತಾಡಪತ್ರಿ ಇಲ್ಲದ್ದರ ಫೋಟೋ ಇಡಿ. ದೂರು ಮಾಲಿನ್ಯ ನಿಯಂತ್ರಣ ಮಂಡಳಿಯ ಕಲಬುರಗಿ ಕಚೇರಿಗೆ ಹೋಗಬೇಕು.

ಹಣದ ದಾರಿಯೂ ಅದ. ಖಣಿಯವರು ಸರ್ಕಾರಕ್ಕೆ ಕಟ್ಟುವ ಸುಣ್ಣದಕಲ್ಲಿನ ರಾಯಲ್ಟಿ ಟನ್ನಿಗೆ 80 ರೂಪಾಯಿ ದರದಲ್ಲಿ ಲೆಕ್ಕ ಹಾಕಿದರೆ, 2015ರ ಜನವರಿ 12ಕ್ಕಿಂತ ಹಳೇ ಗುತ್ತಿಗೆಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ (ಖಣಿಯಿಂದ ಬಾಧಿತ ಊರುಗಳ ನಿಧಿ) ಅದರ ಶೇ. 30, ಅಂದರೆ 24 ರೂಪಾಯಿ ಹೋಗಬೇಕು. ನಂತರ ಹರಾಜಿನಲ್ಲಿ ಪಡೆದ ಗುತ್ತಿಗೆಯಾದರೆ ಶೇ. 10, 8 ರೂಪಾಯಿ. ಕುಡಿಯುವ ನೀರು, ಆರೋಗ್ಯ, ಶಾಲೆ ಅದರ ಮೊದಲ ಆದ್ಯತೆಗಳು. ನಿಮ್ಮ ಊರು ಬಾಧಿತ ಗ್ರಾಮಗಳ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಅಂತ ಜಿಲ್ಲಾಧಿಕಾರಿ ಕಚೇರಿಯಲ್ಲಿ ಮೊದಲು ನೋಡಿ. ಇಲ್ಲದಿದ್ದರೆ ಸೇರಿಸಲು ಗ್ರಾಮಸಭೆಯ ಠರಾವು ಮಾಡಿ, ಮೇಲಿನ ಅಳತೆ ವಹಿಗಳ ನಕಲು ಅದಕ್ಕೇ ಜೋಡಿಸಿ ಕೊಡಿ.