ಮೂರು ರಂಗಮಂದಿರಗಳಿರುವ ಕಲಾಕೇಂದ್ರದ ತಾಂತ್ರಿಕ ಹೊಣೆ: ಸಿಬ್ಬಂದಿಯನ್ನು ಹಂಚುವುದೋ, ಒಂದೇ ತಂಡವಾಗಿ ಇಡುವುದೋ?

ತೆರೆಮರೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಇದುವರೆಗೆ ಒಂದೇ ರಂಗಮಂದಿರದಲ್ಲಿ ಬೆಳಕಿನ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ನಾನು ಸದ್ಯದಲ್ಲೇ ಮೂರು ವೇದಿಕೆಗಳಿರುವ ಪ್ರದರ್ಶನ ಕಲಾಕೇಂದ್ರವೊಂದರ ತಾಂತ್ರಿಕ ಮುಖ್ಯಸ್ಥನ ಹೊಣೆಯನ್ನು ವಹಿಸಿಕೊಳ್ಳಲಿದ್ದೇನೆ. ಅವುಗಳಲ್ಲಿ ಒಂದು ಫ್ಲೈ ಟವರ್ (ಸೆಟ್ಟು, ಪರದೆಗಳನ್ನು ಮೇಲಕ್ಕೆಳೆದು ಮರೆಮಾಡಲು ವೇದಿಕೆಯ ಮೇಲಿರುವ ಎತ್ತರದ ಜಾಗ) ಇರುವ ದೊಡ್ಡ ಪ್ರೊಸೀನಿಯಂ (ಚೌಕಟ್ಟಿನ ವೇದಿಕೆಯನ್ನು ಪ್ರೇಕ್ಷಕರು ಎದುರಿನಿಂದ ನೋಡುವ) ರಂಗಮಂದಿರ, ಇನ್ನೊಂದು ಧ್ವನಿವರ್ಧಕದ ನೆರವಿಲ್ಲದ ಸಂಗೀತಕ್ಕೆಂದೇ ಕಟ್ಟಿದ ಕಛೇರಿ ಸಭಾಂಗಣ, ಮೂರನೆಯದು ಆಸನಗಳನ್ನು ಬೇಕಾದಂತೆ ಜೋಡಿಸಿಕೊಳ್ಳಬಹುದಾದ ಬ್ಲ್ಯಾಕ್ ಬಾಕ್ಸ್. ಮೂರಕ್ಕೂ ಸೇರಿ ಒಂದೇ ಲೋಡಿಂಗ್ ಬೇ (ಲಾರಿ ನಿಲ್ಲಿಸಿ ಸಾಮಾನು ಇಳಿಸುವ ಜಾಗ), ಒಂದೇ ಸರಕು ಲಿಫ್ಟ್ ಮತ್ತು ಒಂದೇ ಉಗ್ರಾಣವಿದೆ.

ಈಗಿನ ವ್ಯವಸ್ಥೆಯಲ್ಲಿ ಪ್ರತಿ ವೇದಿಕೆಗೂ ಅದರದೇ ಸಿಬ್ಬಂದಿ ಇದ್ದಾರೆ. ಒಂದು ಕಡೆ ಕೆಲಸವಿಲ್ಲದೆ ಕುಳಿತವರಿದ್ದರೆ ಇನ್ನೊಂದು ಕಡೆ ಜನ ಸಾಲದೆ ಹೊರಗಿನಿಂದ ದಿನಗೂಲಿಯವರನ್ನು ಕರೆಸುವ ಪರಿಸ್ಥಿತಿಯೂ ಇದೆ. ಎಲ್ಲರನ್ನೂ ಸೇರಿಸಿ ಒಂದೇ ತಂಡ ಮಾಡಿದರೆ ವೆಚ್ಚ ಇಳಿಯುತ್ತದೆ ಎಂದು ಆಡಳಿತ ಮಂಡಳಿ ಹೇಳುತ್ತಿದೆ, ಆದರೆ ತಮ್ಮ ವೇದಿಕೆಯ ಗುಣದೋಷಗಳು ಹೊರಗಿನವರಿಗೆ ತಿಳಿಯುವುದಿಲ್ಲ ಎನ್ನುವುದು ಹಳಬರ ವಾದ. ಇಂತಹ ಕೇಂದ್ರಗಳಲ್ಲಿ ಕೆಲಸ ಮಾಡಿದವರು ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ಕೋರುತ್ತೇನೆ.

ಮೂರನೇ ಬೆಲ್:

ನೀವು ಜನರ ಹಂಚಿಕೆಯ ಬಗ್ಗೆ ಕೇಳಿದ್ದೀರಿ. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಕ್ಯಾಲೆಂಡರ್ ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಿ. ಸಭಾಂಗಣವನ್ನು ಬಾಡಿಗೆಗೆ ಕೊಡುವ ವಿಭಾಗದವರ ಕಣ್ಣಿಗೆ ಒಂದು ಕಾರ್ಯಕ್ರಮವೆಂದರೆ ಸಂಜೆಯ ಎರಡು ಗಂಟೆ ಮಾತ್ರ. ಆದರೆ ತಾಂತ್ರಿಕ ವಿಭಾಗದ ಪಾಲಿಗೆ ಅದು ಲಾರಿ ಬಂದು ನಿಲ್ಲುವಲ್ಲಿಂದ ಆರಂಭವಾಗಿ, ಸಾಮಾನು ಇಳಿಸುವುದು, ರಿಗ್ಗಿಂಗ್ (ದೀಪ, ಸೆಟ್ಟುಗಳನ್ನು ಮೇಲೆ ತೂಗುಹಾಕುವುದು), ಲೈಟ್ ಫೋಕಸ್ (ದೀಪಗಳನ್ನು ಗುರಿಗೆ ಹೊಂದಿಸುವುದು), ಸೌಂಡ್ ಚೆಕ್, ತಾಲೀಮು, ಪ್ರದರ್ಶನ, ಬಿಚ್ಚುವ ಕೆಲಸ ಇವೆಲ್ಲವನ್ನೂ ದಾಟಿ, ವೇದಿಕೆಯನ್ನು ಮೊದಲಿನ ಸ್ಥಿತಿಗೆ ತಂದು ನಿಲ್ಲಿಸುವವರೆಗೂ ಸಾಗುವ ಕೆಲಸ. ಈ ಪೂರ್ಣ ಅವಧಿಯನ್ನು ಮೂರೂ ವೇದಿಕೆಗಳಿಗೆ ಒಂದೇ ಹಾಳೆಯ ಮೇಲೆ ಗುರುತಿಸಿ ನೋಡಿದರೆ, ಪ್ರದರ್ಶನದ ವೇಳೆಗಳು ಎಲ್ಲಿಯೂ ಡಿಕ್ಕಿ ಹೊಡೆಯದಿದ್ದರೂ ಲಿಫ್ಟ್ ಮತ್ತು ಲೋಡಿಂಗ್ ಬೇ ಎಷ್ಟು ಕಡೆ ಡಿಕ್ಕಿ ಹೊಡೆಯುತ್ತವೆ ಎಂಬುದು ಕಾಣಿಸುತ್ತದೆ. ಒಂದೇ ರಂಗಮಂದಿರದಲ್ಲಿದ್ದಾಗ ಈ ತೊಡಕು ನಿಮಗೆ ಎದುರಾಗಿರಲಾರದು.

ಈ ಲೆಕ್ಕದಲ್ಲಿ ಎಲ್ಲರೂ ಹಗುರವಾಗಿ ಎಣಿಸುವುದು ಬ್ಲ್ಯಾಕ್ ಬಾಕ್ಸನ್ನು. ಚಿಕ್ಕ ಜಾಗ, ಚಿಕ್ಕ ಕೆಲಸ ಎಂದು ಭಾವಿಸುತ್ತಾರೆ. ಒಂದು ಬದಿಯಲ್ಲಿ ಮಾತ್ರ ಪ್ರೇಕ್ಷಕರಿರುವ ವ್ಯವಸ್ಥೆಯಿಂದ ನಾಲ್ಕೂ ಬದಿ ಪ್ರೇಕ್ಷಕರಿರುವ ವ್ಯವಸ್ಥೆಗೆ ಬದಲಾಯಿಸುವಾಗ ಆಸನಗಳ ಕಟ್ಟೆಗಳು, ಕೈಹಿಡಿ ಕಂಬಿಗಳು, ದೀಪಗಳ ಸ್ಥಾನ, ಸ್ಪೀಕರ್‌ಗಳ ದಿಕ್ಕು ಎಲ್ಲವೂ ಬದಲಾಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಬೆಂಕಿ ಬಿದ್ದಾಗ ಜನರು ಹೊರಗೆ ಹೋಗುವ ದಾರಿಯೂ ಬದಲಾಗುವುದರಿಂದ ಪ್ರತಿ ಜೋಡಣೆಯನ್ನೂ ಹೊಸದಾಗಿ ಪರಿಶೀಲಿಸಿ ಒಪ್ಪಬೇಕಾಗುತ್ತದೆ. ದೊಡ್ಡ ರಂಗಮಂದಿರಕ್ಕೆ ತನ್ನದೇ ದೀಪಗಳ ಜೊತೆ ಬರುವ ಪ್ರವಾಸಿ ತಂಡಕ್ಕಿಂತ ಹೆಚ್ಚು ಜನರನ್ನು ಈ ಚಿಕ್ಕ ಕೋಣೆ ಬೇಡುವ ದಿನಗಳೂ ಇರುತ್ತವೆ.

ಆದ್ದರಿಂದ, ಕರಾರಿಗೆ ಸಹಿ ಬೀಳುವ ಮುನ್ನ ತಾಂತ್ರಿಕ ವಿಭಾಗದ ಒಪ್ಪಿಗೆ ಕಡ್ಡಾಯ ಎಂಬ ನಿಯಮವನ್ನು ಹುದ್ದೆಗೆ ಸೇರುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಿ. ಇಬ್ಬರು ಹೆಚ್ಚುವರಿ ಸಿಬ್ಬಂದಿಗಿಂತ ಆ ಒಂದು ಅಧಿಕಾರ ಹೆಚ್ಚು ಬೆಲೆಯುಳ್ಳದ್ದು. ತಂಡಗಳು ಕಳುಹಿಸುವ ಟೆಕ್ನಿಕಲ್ ರೈಡರ್ (ತಮಗೆ ಬೇಕಾದ ತಾಂತ್ರಿಕ ಸೌಲಭ್ಯಗಳ ಪಟ್ಟಿ) ಅನೇಕ ವೇಳೆ ಹಿಂದಿನ ಯಾವುದೋ ಪ್ರವಾಸಕ್ಕಾಗಿ ಬರೆದದ್ದಾಗಿರುತ್ತದೆ. ಅದನ್ನು ನಂಬಿ ಯೋಜನೆ ಮಾಡದೆ, ಈ ಬಾರಿ ನಿಜವಾಗಿ ಏನು ತರುತ್ತಾರೆ ಎಂದು ಕೇಳಿ, ನಾವು ಕೊಡಬಲ್ಲದ್ದನ್ನೂ ಕೊಡಲಾಗದ್ದನ್ನೂ ಉತ್ತರದಲ್ಲಿ ಸ್ಪಷ್ಟವಾಗಿ ದಾಖಲಿಸಬೇಕು. ಕಾಗದದ ಮೇಲಿನ ತೀರ್ಮಾನದ ಭಾರವನ್ನು ವೇದಿಕೆಯವರು ಎಷ್ಟು ಕಾಲ ಹೊರಬೇಕಾಗುತ್ತದೆ ಎಂಬುದಕ್ಕೆ 1973ರಲ್ಲಿ ಉದ್ಘಾಟನೆಯಾದ ಸಿಡ್ನಿ ಒಪೆರಾ ಹೌಸ್ ದೊಡ್ಡ ಸಾಕ್ಷಿ. ಸಿಂಫನಿಗೂ ಒಪೆರಾಕ್ಕೂ ಎಂದು ಯೋಜಿಸಿದ್ದ ದೊಡ್ಡ ಸಭಾಂಗಣವನ್ನು ನಿರ್ಮಾಣದ ನಡುವೆಯೇ ಕೇವಲ ಸಂಗೀತ ಕಛೇರಿಗೆ ಮೀಸಲಿಟ್ಟು, ಅಳವಡಿಸಿದ್ದ ರಂಗಯಂತ್ರಗಳನ್ನು ಕಿತ್ತುಹಾಕಿದರು. ಒಪೆರಾ ಚಿಕ್ಕ ಸಭಾಂಗಣಕ್ಕೆ ಹೋಯಿತು. ಅಲ್ಲಿನ ವೇದಿಕೆಯ ಮುಂದಿನ ಇಕ್ಕಟ್ಟಾದ ವಾದ್ಯವೃಂದದ ಹಳ್ಳ ಮತ್ತು ವೇದಿಕೆಯ ಪಕ್ಕದ ಕಿರಿದಾದ ಜಾಗಗಳೊಂದಿಗೆ ಅಲ್ಲಿ ಕೆಲಸ ಮಾಡಿದವರು ದಶಕಗಳ ಕಾಲ ಹೆಣಗಬೇಕಾಯಿತು.

ಶ್ರುತಿಪೆಟ್ಟಿಗೆ:

ಧ್ವನಿ ವಿಭಾಗದ ದೃಷ್ಟಿಯಿಂದ ಒಂದು ಮಾತು. ಜನರನ್ನು ಹೇಗೆ ಬೇಕಾದರೂ ಹಂಚಿ. ಆದರೆ ವಯರ್‌ಲೆಸ್ ಮೈಕ್‌ಗಳ ಆವರ್ತನದ (ಫ್ರೀಕ್ವೆನ್ಸಿಯ) ನಿರ್ಧಾರ ಮೂರೂ ವೇದಿಕೆಗಳಿಗೆ ಸೇರಿ ಒಬ್ಬರದೇ ಆಗಿರಬೇಕು. 500 ಮತ್ತು 501 ಮೆಗಾಹರ್ಟ್ಸ್‌ನಲ್ಲಿ ಎರಡು ಟ್ರಾನ್ಸ್‌ಮಿಟರ್‌ಗಳು ಹತ್ತಿರದಲ್ಲಿ ಕೆಲಸ ಮಾಡಿದರೆ ಅವುಗಳ ಬೆರಕೆಯಿಂದ 499 ಮತ್ತು 502 ಮೆಗಾಹರ್ಟ್ಸ್‌ನಲ್ಲಿ ಬೇಡದ ಸಂಕೇತಗಳು ಹುಟ್ಟುತ್ತವೆ. ಇಂತಹ ಜೋಡಿಗಳನ್ನಷ್ಟೇ ಲೆಕ್ಕ ಹಾಕಿದರೂ 8 ಮೈಕ್‌ಗಳಿಗೆ 56 ಬೆರಕೆ ಸಂಕೇತಗಳಾಗುತ್ತವೆ, 24 ಮೈಕ್‌ಗಳಿಗೆ 552. ಪ್ರತಿ ವೇದಿಕೆಯವರೂ ತಮ್ಮ ತಮ್ಮ ಪಟ್ಟಿಯನ್ನು ಸರಿಯಾಗಿಯೇ ಮಾಡಿಕೊಂಡಿದ್ದರೂ, ಮೂರೂ ಒಟ್ಟಿಗೆ ನಡೆಯುವ ಸಂಜೆ ನಾಯಕಿಯ ಮೈಕ್ ಏಕೆ ಕರಕರ ಎನ್ನುತ್ತದೆ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಇನ್ನೊಂದು, ಗೋಡೆಗಳ ಮೂಲಕ ಬರುವ ಸದ್ದು. 50 ಹರ್ಟ್ಸ್‌ನ ಧ್ವನಿಯ ತರಂಗದ ಉದ್ದ ಗಾಳಿಯಲ್ಲಿ ಸುಮಾರು 7 ಮೀಟರ್; ಬಾಗಿಲು ಮುಚ್ಚಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ, ಕಟ್ಟಡದ ಮೈಯಲ್ಲೇ ಹರಿದು ಬರುತ್ತದೆ. ಕಛೇರಿ ಸಭಾಂಗಣದಲ್ಲಿ ಧ್ವನಿವರ್ಧಕವಿಲ್ಲದ ಗಾಯನ ನಡೆಯುತ್ತಿರುವಾಗ ದೊಡ್ಡ ರಂಗಮಂದಿರದಲ್ಲಿ ಸಬ್‌ವೂಫರ್ (ಇಂತಹ ತಗ್ಗು ಧ್ವನಿಯ ಸ್ಪೀಕರ್) ಪರೀಕ್ಷೆಯಾಗಲಿ, ಬ್ಲ್ಯಾಕ್ ಬಾಕ್ಸಿನಲ್ಲಿ ಆಸನ ಕಟ್ಟೆಗಳ ಜೋಡಣೆಯಾಗಲಿ ನಡೆಯಕೂಡದು. ಮೂರನೇ ಬೆಲ್ ಅವರು ಹೇಳಿದ ಹಾಳೆಯಲ್ಲಿ ಸದ್ದಿನ ಗಂಟೆಗಳಿಗೂ ಮೌನದ ಗಂಟೆಗಳಿಗೂ ಬೇರೆ ಬಣ್ಣ ಇರಲಿ.

ಕಟ್ಟೆಚ್ಚರ:

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಮೂಲ ಪ್ರಶ್ನೆ ಹಾಗೆಯೇ ಉಳಿದಿದೆ. ನನ್ನ ಉತ್ತರ: ವೇದಿಕೆಯ ಮುಖ್ಯಸ್ಥರು ಸ್ಥಿರವಾಗಿರಲಿ, ಉಳಿದವರು ಸಂಚಾರಿಗಳಾಗಿರಲಿ, ಫ್ಲೈ ಕೆಲಸದವರನ್ನು ಮಾತ್ರ ಸಂಚಾರಕ್ಕೆ ಬಿಡಬೇಡಿ. ಪ್ರತಿತೂಕದ ಫ್ಲೈ ವ್ಯವಸ್ಥೆಯಲ್ಲಿ ಸೆಟ್ಟನ್ನು ಏರಿಸುವಾಗ ಬ್ಯಾಟನ್ನನ್ನು (ಸೆಟ್ಟು ತೂಗುವ ಅಡ್ಡ ಕಂಬಿಯನ್ನು) ಕೆಳಗಿಳಿಸಿ ಅದಕ್ಕೆ ಸೆಟ್ಟನ್ನು ಕಟ್ಟಿದ ಮೇಲೆಯೇ ಆರ್ಬರ್‌ಗೆ (ಹಗ್ಗದ ಇನ್ನೊಂದು ತುದಿಯಲ್ಲಿ ಪ್ರತಿತೂಕಗಳನ್ನು ಹೊರುವ ಚೌಕಟ್ಟಿಗೆ) ತೂಕ ಹಾಕಬೇಕು. ಬಿಚ್ಚುವಾಗ ತೂಕವನ್ನು ತೆಗೆದ ಮೇಲೆಯೇ ಸೆಟ್ಟನ್ನು ಕಳಚಬೇಕು. ಈ ಕ್ರಮ ತಪ್ಪಿದರೆ ನೂರಾರು ಕಿಲೋ ತೂಕದ ಆರ್ಬರ್ ಹಿಡಿತಕ್ಕೆ ಸಿಗದೆ ಜಾರುತ್ತದೆ, ಹಗ್ಗದ ಲಾಕ್ ಆ ತೂಕವನ್ನು ತಡೆಯಲೆಂದು ಇರುವ ಸಾಧನವೇ ಅಲ್ಲ. ನಿಯಮ ಎಲ್ಲ ರಂಗಮಂದಿರಗಳಿಗೂ ಒಂದೇ, ಆದರೆ ಯಾವ ಸಾಲಿನ ಬ್ಯಾಟನ್ ಪಕ್ಕದ ದೀಪಗಳಿಗೆ ತಾಗುತ್ತದೆ, ಯಾವುದು ಬಿಗಿಯಾಗಿ ಓಡುತ್ತದೆ ಎಂಬುದು ಅಲ್ಲಿಯೇ ಇದ್ದವರಿಗೆ ಮಾತ್ರ ಗೊತ್ತಿರುತ್ತದೆ. ಹಳಬರ ವಾದದಲ್ಲಿ ನಿಜವಾದ ಸತ್ವವಿರುವುದು ಇಲ್ಲಿ.

ಒಂದೇ ತಂಡ ಮಾಡಿದಾಗ ಹುಟ್ಟುವ ದೊಡ್ಡ ಅಪಾಯವನ್ನು ಆಡಳಿತ ಮಂಡಳಿ ಯೋಚಿಸಿರಲಿಕ್ಕಿಲ್ಲ. ಮೂವರು ಮುಖ್ಯಸ್ಥರು ಮೂರು ಹಾಜರಿ ಪಟ್ಟಿಗಳನ್ನು ಬರೆದರೆ, ರಾತ್ರಿ ಒಂದು ವೇದಿಕೆಯಲ್ಲಿ ತಡವಾಗಿ ಬಿಚ್ಚುವ ಕೆಲಸ ಮುಗಿಸಿದವನೇ ಬೆಳಿಗ್ಗೆ ಇನ್ನೊಂದರಲ್ಲಿ ಏಣಿಯ ಮೇಲೆ ನಿಂತಿರುತ್ತಾನೆ, ಮೂರೂ ಪಟ್ಟಿಗಳಲ್ಲಿ ಅವನ ವಿಶ್ರಾಂತಿ ಸರಿಯಾಗಿಯೇ ಕಾಣುತ್ತದೆ. ಪಟ್ಟಿ ವೇದಿಕೆಯ ಹೆಸರಿನಲ್ಲಿ ಇರಬಾರದು, ವ್ಯಕ್ತಿಯ ಹೆಸರಿನಲ್ಲಿ ಇರಬೇಕು. ಅದನ್ನು ಬರೆಯುವವರೂ ಒಬ್ಬರೇ ಆಗಿರಬೇಕು.

ತೆರೆಮರೆ:

ಮೂವರಿಗೂ ಧನ್ಯವಾದಗಳು. ವ್ಯಕ್ತಿಯ ಹೆಸರಿನ ಪಟ್ಟಿಯ ವಿಚಾರ ನನ್ನ ಗಮನಕ್ಕೆ ಬಂದಿರಲೇ ಇಲ್ಲ. ಇನ್ನೊಂದು ಸಂದೇಹ: ಸಿಬ್ಬಂದಿ ಸಂಚಾರಿಗಳಾಗಬೇಕಾದರೆ ಉಪಕರಣಗಳೂ ಮೂರು ಕಡೆ ಒಂದೇ ಬಗೆಯವಾಗಿರಬೇಕಲ್ಲವೇ? ಎಲ್ಲವನ್ನೂ ಒಮ್ಮೆಗೇ ಬದಲಾಯಿಸಲು ಹಣವಿಲ್ಲ.

ಮೂರನೇ ಬೆಲ್:

ಎಲ್ಲವನ್ನೂ ಬದಲಾಯಿಸುವ ಅಗತ್ಯವಿಲ್ಲ. ಮನುಷ್ಯನ ಕೈ ತಾಗುವ ಜಾಗಗಳನ್ನು ಮೊದಲು ಒಂದಾಗಿಸಿ: ಲೈಟ್ ಕನ್ಸೋಲ್, ಸೌಂಡ್ ಮಿಕ್ಸರ್, ಇಂಟರ್‌ಕಾಮ್, ಕೇಬಲ್‌ಗಳ ಕನೆಕ್ಟರ್. ದೀಪಗಳು ಬೇರೆ ಬೇರೆ ಕಂಪನಿಯವಾದರೂ ಚಿಂತೆಯಿಲ್ಲ. ಡಿಎಂಎಕ್ಸ್ ಎಂದರೆ ಕನ್ಸೋಲಿನಿಂದ ದೀಪಗಳನ್ನು ನಿಯಂತ್ರಿಸುವ ಸಂಕೇತ ಪದ್ಧತಿ; ಅದರ ಒಂದು ಯೂನಿವರ್ಸ್‌ನಲ್ಲಿ (ಒಂದು ನಿಯಂತ್ರಣ ಸಾಲಿನಲ್ಲಿ) ಇರುವುದು ಎಲ್ಲ ಕಡೆಯೂ 512 ಚಾನೆಲ್‌ಗಳೇ ಆದ್ದರಿಂದ, ಆ ಚಾನೆಲ್‌ಗಳ ಸಂಖ್ಯೆ ಮತ್ತು ಹೆಸರಿಡುವ ಪದ್ಧತಿ ಮೂರೂ ಕಡೆ ಒಂದೇ ತರ್ಕದಲ್ಲಿದ್ದರೆ ಹೊಸಬರು ಬಂದ ದಿನವೇ ಕೆಲಸ ಆರಂಭಿಸಬಲ್ಲರು.

ಅದಕ್ಕಿಂತ ಮುಖ್ಯವಾದದ್ದು ಪ್ರತಿ ವೇದಿಕೆಗೂ ಒಂದು ಮೂಲಸ್ಥಿತಿಯನ್ನು ನಿಗದಿಪಡಿಸುವುದು. ಯಾವ ದೀಪ ಎಲ್ಲಿ ತೂಗುತ್ತಿರಬೇಕು, ಯಾವ ಸ್ಪೀಕರ್ ಎಲ್ಲಿರಬೇಕು, ಕನ್ಸೋಲಿನಲ್ಲಿ ಯಾವ ಫೈಲ್ ತೆರೆದಿರಬೇಕು ಎಂದು ನಕ್ಷೆ ಸಹಿತ ಬರೆದಿಟ್ಟು, ಪ್ರತಿ ಕಾರ್ಯಕ್ರಮದ ನಂತರ ಆ ಸ್ಥಿತಿಗೆ ಮರಳಿಸಬೇಕು. ಉಗ್ರಾಣದ ಸಾಮಾನುಗಳಲ್ಲಿ ಯಾವುದು ಯಾವ ವೇದಿಕೆಯ ಸ್ವಂತದ್ದು, ಯಾವುದು ಮೂರಕ್ಕೂ ಸಾಮಾನ್ಯ ಎಂಬ ಗುರುತೂ ಇರಲಿ. ಇಲ್ಲದಿದ್ದರೆ ಒಂದೇ ವರ್ಷದಲ್ಲಿ ಚಿಕ್ಕ ವೇದಿಕೆಗಳ ಒಳ್ಳೆಯ ಮೈಕ್‌ಗಳೆಲ್ಲ ದೊಡ್ಡ ರಂಗಮಂದಿರಕ್ಕೆ ವಲಸೆ ಹೋಗಿರುತ್ತವೆ, ಮತ್ತು ಅವನ್ನು ಮರಳಿ ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಮೂಲಸ್ಥಿತಿಗೆ ತರುವ ಗಂಟೆಗಳನ್ನು ಬಾಡಿಗೆಯ ಕರಾರಿನಲ್ಲೇ ಸೇರಿಸಿಬಿಡಿ. ಅವು ಬಾಡಿಗೆದಾರರ ಲೆಕ್ಕದಲ್ಲಿ ಇಲ್ಲದಿದ್ದರೆ ನಿಮ್ಮ ಸಿಬ್ಬಂದಿಯ ನಿದ್ದೆಯ ಲೆಕ್ಕದಿಂದ ಕಡಿತವಾಗುತ್ತವೆ.