15 ವರ್ಷ ತುಂಬುತ್ತಿರುವ ವ್ಯಾಗನ್‌ಆರ್: 64 ಸಾವಿರ ಹಾಕಿ ರಿಪೇರಿ ಮಾಡಿಸುವುದೋ, ಕೊಟ್ಟುಬಿಡುವುದೋ?

ಕುಂದಾಪುರ_ಕೆಎ20 (ಪ್ರಶ್ನೆ)

ಕಾರು ಮಾರುತಿ ವ್ಯಾಗನ್‌ಆರ್ ಎಲ್‌ಎಕ್ಸ್‌ಐ, ಕೆ10 ಪೆಟ್ರೋಲ್ ಇಂಜಿನ್, 1.18 ಲಕ್ಷ ಕಿ.ಮೀ. ಓಡಿದೆ. ನೋಂದಣಿ 2011ರ ಆಗಸ್ಟ್, ಅಂದರೆ ಬರುವ ಆಗಸ್ಟ್‌ಗೆ ಆರ್‌ಸಿ ಮುಗಿಯುತ್ತದೆ. ತಿಂಗಳಿಗೆ 500–600 ಕಿ.ಮೀ. ಓಡಾಟ, ಹೆಚ್ಚಿನದು ಊರೊಳಗೆ. ಸಮುದ್ರದಿಂದ ಎರಡು ಕಿ.ಮೀ. ದೂರದಲ್ಲಿ ಮನೆ, ಕಾರು ನಿಲ್ಲುವುದು ಶೀಟ್ ಮಾಡಿನ ಕೆಳಗೆ.

ಗ್ಯಾರೇಜಿನವರು ಕೊಟ್ಟ ಎಸ್ಟಿಮೇಟ್: ಹಾಫ್ ಇಂಜಿನ್ ಕೆಲಸ, ಅಂದರೆ ಇಂಜಿನ್ ಬಿಚ್ಚಿ ಪಿಸ್ಟನ್ ರಿಂಗ್ ಮುಂತಾದವನ್ನು ಬದಲಿಸುವುದು (ಹೊಗೆ ಬರುತ್ತದೆ ಎಂದು) 26,000, ಕ್ಲಚ್ ಸೆಟ್ 7,500, ಮುಂದಿನ ಸಸ್ಪೆನ್ಷನ್ 9,500, ಎಸಿ ಕೂಲಿಂಗ್ ಕಾಯಿಲ್ ಮತ್ತು ಗ್ಯಾಸ್ 9,000, ಟಿಂಕರಿಂಗ್-ಪೇಂಟಿಂಗ್ 12,000. ಒಟ್ಟು 64,000. ಹಾಗೆಯೇ ಕೊಟ್ಟರೆ 80–90 ಸಾವಿರ ಸಿಗಬಹುದು ಅನ್ನುತ್ತಾರೆ. 15 ವರ್ಷದ ಕಾರನ್ನು ಸರ್ಕಾರವೇ ಗುಜರಿಗೆ ಹಾಕಿಸುತ್ತದೆ ಎಂದೂ ಕೆಲವರು ಹೇಳಿದರು. ಏನು ನೋಡಿ ತೀರ್ಮಾನಿಸಬೇಕು?

ತಗಡು_ತಜ್ಞ

ಎಸ್ಟಿಮೇಟ್ ಪಕ್ಕಕ್ಕಿಡಿ. ಕರಾವಳಿಯ ಕಾರಿನಲ್ಲಿ ಮೊದಲು ನೋಡಬೇಕಾದ್ದು ಅಡಿಭಾಗ. ಇಂಜಿನ್, ಗೇರ್‌ಬಾಕ್ಸ್, ಎಸಿ ಎಲ್ಲವೂ ಬಿಚ್ಚಿ ಹಾಕುವ ಸಾಮಾನು. ಬಾಡಿ ಹಾಗಲ್ಲ. ಅದು ಕೊಳೆತಿದ್ದರೆ ಉಳಿದದ್ದಕ್ಕೆ ಹಾಕಿದ ದುಡ್ಡೆಲ್ಲ ಅದರ ಜೊತೆಗೇ ಹೋಗುತ್ತದೆ.

ವಾಟರ್ ಸರ್ವಿಸ್ ರ‍್ಯಾಂಪ್ ಮೇಲೆ ಹತ್ತಿಸಿ, ತೊಳೆಸಿ, ಒಣಗಿದ ಮೇಲೆ ಟಾರ್ಚ್ ಮತ್ತು ಸ್ಕ್ರೂಡ್ರೈವರ್ ಹಿಡಿದು ಕೆಳಗೆ ಹೋಗಿ. ಹಿಡಿಕೆಯಿಂದ ತಟ್ಟಿದರೆ ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಕೊಡುತ್ತದೆ. ಅಂಥ ಕಡೆ ತುದಿಯಿಂದ ಒತ್ತಿ ನೋಡಿ.

ಜೀವಕ್ಕೆ ಸಂಬಂಧಿಸಿದ ಜಾಗಗಳು ಇವು: ಹಿಂದಿನ ಆಕ್ಸಲ್‌ನ ಟ್ರೇಲಿಂಗ್ ಆರ್ಮ್ ಬಾಡಿಗೆ ಸೇರುವಲ್ಲಿ, ಹಿಂದಿನ ಸ್ಪ್ರಿಂಗ್ ಕೂರುವ ಬಟ್ಟಲು, ಮುಂದಿನ ಲೋವರ್ ಆರ್ಮ್ ಹಿಡಿದಿರುವ ಭಾಗ, ಬಾನೆಟ್ ಒಳಗೆ ಸ್ಟ್ರಟ್‌ನ (ಮುಂದಿನ ಶಾಕ್ ಅಬ್ಸಾರ್ಬರ್) ತಲೆ ಕೂರುವ ಜಾಗ, ಸೀಟ್ ಬೆಲ್ಟ್ ಬೋಲ್ಟ್‌ನ ಸುತ್ತ, ಬ್ರೇಕ್ ಪೈಪ್‌ಗಳು. ಇವುಗಳಲ್ಲಿ ಎರಡು ಕಡೆ ಸ್ಕ್ರೂಡ್ರೈವರ್ ತೂರಿದರೆ ಕಾರನ್ನು ಬಿಟ್ಟುಬಿಡಿ. ಸಣ್ಣ ಗ್ಯಾರೇಜಿನಲ್ಲಿ ವೆಲ್ಡ್ ಮಾಡಿಸಿದ ಸಸ್ಪೆನ್ಷನ್ ಮೌಂಟ್ ಅಳತೆಗೆ ಬರುವುದಿಲ್ಲ. ಅಲೈನ್‌ಮೆಂಟ್ ಕೂರುವುದಿಲ್ಲ, ಟೈರ್ ತಿನ್ನುತ್ತದೆ, ವೆಲ್ಡ್ ಪಕ್ಕದ ತಗಡು ಮತ್ತೆ ಬಿರುಕು ಬಿಡುತ್ತದೆ.

ರನ್ನಿಂಗ್ ಬೋರ್ಡ್, ಕಾಲಡಿಯ ಫ್ಲೋರ್, ಡೋರಿನ ಕೆಳಅಂಚು, ಸ್ಟೆಪ್ನಿ ಗುಂಡಿ ತೂತಾಗಿದ್ದರೆ ಸರಿ ಮಾಡಿಸಬಹುದು. ಆದರೆ 12,000ದ ಟಿಂಕರಿಂಗ್ ಅಂದರೆ ಏನೆಂದು ಕೇಳಿ. ಪಟ್ಟಿ (ಪುಟ್ಟಿ) ಹಚ್ಚಿ ಬಣ್ಣ ಹೊಡೆಯುವುದಾದರೆ ಒಂದು ಮಳೆಗಾಲಕ್ಕೆ ಗುಳ್ಳೆ ಎದ್ದುಬರುತ್ತದೆ. ಆಗಬೇಕಾದ ಕೆಲಸ ಬೇರೆ: ಬ್ಯಾಟರಿ ಕಳಚಿ, ಮ್ಯಾಟ್ ಎತ್ತಿ, ಹತ್ತಿರ ಪೆಟ್ರೋಲ್ ಪೈಪ್ ಇದ್ದರೆ ಅದನ್ನೂ ಸರಿಸಿ, ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಹೊಸ ತಗಡನ್ನು ಸಿಒಟು (CO2) ವೆಲ್ಡಿಂಗ್‌ನಲ್ಲಿ ಕೂರಿಸಬೇಕು (ಗ್ಯಾಸ್ ವೆಲ್ಡಿಂಗ್ ಬೇಡ, ಶಾಖಕ್ಕೆ ತಗಡು ಸೊಟ್ಟಗಾಗುತ್ತದೆ). ಆಮೇಲೆ ಜಿಂಕ್ ಪ್ರೈಮರ್, ಜೋಡಣೆಗೆ ಸೀಲರ್, ಕೊನೆಗೆ ಅಂಡರ್‌ಕೋಟ್. ತುಕ್ಕಿನ ಮೇಲೆಯೇ ಅಂಡರ್‌ಕೋಟ್ ಹೊಡೆಸಿದರೆ ತೇವ ಒಳಗೇ ಸಿಕ್ಕಿಕೊಂಡು ತಗಡು ಇನ್ನೂ ಬೇಗ ಕೊಳೆಯುತ್ತದೆ. ಡೋರ್ ಮತ್ತು ರನ್ನಿಂಗ್ ಬೋರ್ಡ್ ಅಡಿಯ ನೀರಿಳಿಯುವ ತೂತುಗಳನ್ನು ಬಿಡಿಸಿಡಿ. ಮಣ್ಣು ಕಟ್ಟಿ ನೀರು ಒಳಗೆ ನಿಲ್ಲುವುದರಿಂದಲೇ ಅರ್ಧ ತುಕ್ಕು ಶುರುವಾಗುವುದು.

ಮೂರು_ಸಿಲಿಂಡರ್

ಮೇಲಿನ ಮಾತು ಸರಿ. ಅಡಿಭಾಗ ಪಾಸಾದರೆ ಮಾತ್ರ ಇಂಜಿನ್ ನೋಡಿಸಿ. ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡದ ಅಳತೆ) ಮಾಡದೆ ಹಾಫ್ ಇಂಜಿನ್ ಎಂದವರಿಗೆ ಕಾರು ಬಿಚ್ಚಲು ಬಿಡಬೇಡಿ.

ಹೊಗೆ ಯಾವಾಗ ಬರುತ್ತದೆ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕ್ಷಣ, ಅಥವಾ ತುಂಬಾ ಹೊತ್ತು ಐಡಲ್‌ನಲ್ಲಿ ನಿಂತು ಹೊರಡುವಾಗ ಒಮ್ಮೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್‌ನ ರಬ್ಬರ್ ಒಣಗಿ ಗಡುಸಾಗಿದೆ. ಏರು ಹತ್ತುವಾಗ ಬಿಡದೆ ಬರುತ್ತಿದ್ದರೆ ಪಿಸ್ಟನ್ ರಿಂಗ್ ಮೇಲೆ ಅನುಮಾನ. ಎರಡಕ್ಕೂ ಮೊದಲು ಪಿಸಿವಿ ವಾಲ್ವ್ (ಇಂಜಿನ್ ಒಳಗಿನ ಆವಿಯನ್ನು ಮತ್ತೆ ಉರಿಯಲು ಕಳಿಸುವ ವಾಲ್ವ್) ಕಳಚಿ ಅಲ್ಲಾಡಿಸಿ, ಟಕ್ ಟಕ್ ಅನ್ನಬೇಕು. ಕಟ್ಟಿಕೊಂಡಿದ್ದರೆ ಇಂಜಿನ್ ಆಯಿಲ್ ಕುಡಿಯುತ್ತದೆ, ಬದಲಿಸಲು ಹೆಚ್ಚು ಖರ್ಚಿಲ್ಲ.

ಟೆಸ್ಟ್ ಮಾಡುವ ಕ್ರಮ: ಇಂಜಿನ್ ಬಿಸಿಯಿರಲಿ, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಫ್ಯೂಯಲ್ ಪಂಪ್ ಫ್ಯೂಸ್ ಮತ್ತು ಇಗ್ನಿಷನ್ ಕನೆಕ್ಟರ್ ತೆಗೆದು, ಮೂರೂ ಪ್ಲಗ್ ಬಿಚ್ಚಿ, ಒಂದೊಂದೇ ಸಿಲಿಂಡರ್‌ಗೆ ಗೇಜ್ ಹಾಕಿ. ಆಕ್ಸಿಲರೇಟರ್ ಪೂರ್ತಿ ತುಳಿದುಕೊಂಡು ಐದಾರು ಸೆಕೆಂಡ್ ಸೆಲ್ಫ್ ಹೊಡೆಯಬೇಕು. ಮೂರರಲ್ಲೂ 160 ಪಿಎಸ್‌ಐಗಿಂತ ಮೇಲೆ, ಒಂದಕ್ಕೊಂದು ವ್ಯತ್ಯಾಸ 15ರೊಳಗೆ ಇದ್ದರೆ ಹಾಫ್ ಇಂಜಿನ್ ಬೇಕಿಲ್ಲ. ಒಂದರಲ್ಲಿ ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಆಯಿಲ್ ಎಷ್ಟು ಇಳಿಯುತ್ತದೆ ಎಂಬುದನ್ನೂ ಅಳೆಯಿರಿ. ಸಮತಟ್ಟು ಜಾಗ, ಬೆಳಗಿನ ತಣ್ಣನೆ ಇಂಜಿನ್, ಪ್ರತಿಸಲ ಅದೇ ಜಾಗ. 1,000 ಕಿ.ಮೀ.ಗೆ 250–300 ಎಂಎಲ್ ಟಾಪ್‌ಅಪ್ ಸಾಕಾದರೆ ಅದನ್ನು ಹೊಯ್ದುಕೊಂಡು ಓಡಿಸುವುದೇ ಲಾಭ. ಅರ್ಧ ಲೀಟರ್ ದಾಟಿದರೆ ಯೋಚಿಸಬೇಕು, ಆಯಿಲ್ ಉರಿದು, ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಈ ಇಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಕೆಲವು ಸೆಕೆಂಡ್ ಕಳೆದರೂ ಗರಗರ ನಿಲ್ಲದಿದ್ದರೆ ಚೈನ್ ಬಿಗಿ ಹಿಡಿಯುವ ಟೆನ್ಷನರ್ ತೋರಿಸಿ.

ಕ್ಲಚ್ ಗಟ್ಟಿಯಾಗಿದೆ ಅಷ್ಟೇ ಆದರೆ ಮೊದಲು ಕೇಬಲ್ ಬದಲಿಸಿ. ನಾಲ್ಕನೇ ಗೇರಿನಲ್ಲಿ 40ರ ವೇಗದಿಂದ ಜೋರಾಗಿ ಒತ್ತಿದಾಗ ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಪ್ಲೇಟ್ ಹೋಗಿದೆ. ಗೇರ್‌ಬಾಕ್ಸ್ ಇಳಿಸಿದಾಗಲೇ ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ಹೊಸದು ಹಾಕಿಸಿ. ಎಸಿಗೆ ನೈಟ್ರೋಜನ್ ಪ್ರೆಷರ್ ಹಾಕಿ ಸೋಪುನೀರಿನಲ್ಲಿ ಲೀಕ್ ತೋರಿಸಲು ಹೇಳಿ. ಎಷ್ಟೋ ಸಲ ಕಂಡೆನ್ಸರ್ ಅಥವಾ ಓ-ರಿಂಗ್ ಲೀಕ್ ಇದ್ದರೂ ಕೂಲಿಂಗ್ ಕಾಯಿಲ್ ಹೆಸರು ಹೇಳಿ ಡ್ಯಾಶ್‌ಬೋರ್ಡ್ ಬಿಚ್ಚುತ್ತಾರೆ.

ಕಾಗದಪತ್ರ

ಗುಜರಿ ಭಯ ಬೇಡ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಎಂಬ ಕಟ್ಟುಪಾಡು ದೆಹಲಿ ಸುತ್ತಮುತ್ತಲಿನದು. ಕರ್ನಾಟಕದಲ್ಲಿ ಖಾಸಗಿ ಕಾರು ತಪಾಸಣೆಯಲ್ಲಿ ಪಾಸಾದರೆ ಆರ್‌ಸಿ 5 ವರ್ಷಕ್ಕೆ ನವೀಕರಣವಾಗುತ್ತದೆ. ಅರ್ಜಿ ಫಾರಂ 25, ಅವಧಿ ಮುಗಿಯಲು 60 ದಿನ ಇರುವಾಗಿಂದ ಸಲ್ಲಿಸಬಹುದು. 2022ರ ಏಪ್ರಿಲ್‌ನಿಂದ ಕಾರಿಗೆ ಶುಲ್ಕ 5,000, ತಡವಾದರೆ ತಿಂಗಳಿಗೆ 500 ದಂಡ, ಜೊತೆಗೆ ರಾಜ್ಯದ ಹಸಿರು ತೆರಿಗೆ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್, ಎಮಿಷನ್ ಸರ್ಟಿಫಿಕೇಟ್, ಚಾಲ್ತಿಯ ಇನ್ಶೂರೆನ್ಸ್ ಇರಲಿ. ಟಿಂಕರಿಂಗ್ ಮಾಡುವವರು ಚಾಸಿಸ್ ನಂಬರ್ ಮೇಲೆ ಪಟ್ಟಿ-ಬಣ್ಣ ಬಳಿಯದಂತೆ ನಿಂತು ನೋಡಿಕೊಳ್ಳಿ. ಬಣ್ಣ ಆರ್‌ಸಿಯಲ್ಲಿ ಇರುವುದೇ ಆಗಿರಬೇಕು.

ಇನ್ಶೂರೆನ್ಸ್ ಲೆಕ್ಕ ಯಾರೂ ಹೇಳುವುದಿಲ್ಲ. 10 ವರ್ಷ ದಾಟಿದ ಕಾರಿನ ಲೋಹದ ಬಿಡಿಭಾಗಕ್ಕೂ ಕ್ಲೇಮಿನಲ್ಲಿ ಅರ್ಧವೇ ಸಿಗುವುದು. ರಿಪೇರಿ ಐಡಿವಿಯ (ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆ) ಶೇ. 75 ದಾಟಿದರೆ ಟೋಟಲ್ ಲಾಸ್, ಅಂದರೆ ಕಾರು ಪೂರ್ತಿ ಹೋಯಿತೆಂದೇ ಲೆಕ್ಕ. ಐಡಿವಿ 80,000 ಇದ್ದರೆ 60,000ದ ಡಿಕ್ಕಿಗೇ ಕಾರಿನ ಕಥೆ ಮುಗಿಯಿತು. ಆದ್ದರಿಂದ ಅಂದ ಹೆಚ್ಚಿಸುವ ಕೆಲಸಕ್ಕೆ ದುಡ್ಡು ಹಾಕಬೇಡಿ.

ಇನ್ನೊಂದು, ಇದನ್ನು ಗಂಭೀರವಾಗಿ ಹೇಳುತ್ತಿದ್ದೇನೆ. ಈ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. 2019ರ ಏಪ್ರಿಲ್‌ನಿಂದ ಎಬಿಎಸ್, ಅದೇ ಜುಲೈನಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದವು. ಮಕ್ಕಳನ್ನು ಕೂರಿಸಿಕೊಂಡು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಂಗಳೂರಿಗೆ ಓಡಾಟ ಹೆಚ್ಚಿದ್ದರೆ ಕಾರು ಎಷ್ಟೇ ಗಟ್ಟಿಯಿದ್ದರೂ ಬದಲಿಸಿ ಎನ್ನುತ್ತೇನೆ.

ಕುಂದಾಪುರ_ಕೆಎ20

ಎಲ್ಲ ನೋಡಿಸಿದೆ. ಡ್ರೈವರ್ ಕಾಲಡಿಯ ಫ್ಲೋರಿನಲ್ಲಿ ರೂಪಾಯಿ ನಾಣ್ಯದಷ್ಟು ತೂತು, ಎಡಗಡೆ ರನ್ನಿಂಗ್ ಬೋರ್ಡ್ ಹಿಂತುದಿ ಮೆತ್ತಗಿದೆ. ಸಸ್ಪೆನ್ಷನ್ ಮೌಂಟ್‌ಗಳು, ಬೆಲ್ಟ್ ಬೋಲ್ಟ್, ಬ್ರೇಕ್ ಪೈಪ್ ಗಟ್ಟಿ. ಕಂಪ್ರೆಷನ್ 176, 170, 174. ಹೊಗೆ ಬೆಳಿಗ್ಗೆ ಮಾತ್ರ, ಟಾಪ್‌ಅಪ್ 1,000 ಕಿ.ಮೀ.ಗೆ 250 ಎಂಎಲ್ ಒಳಗೆ. ಕ್ಲಚ್ ನಿಜಕ್ಕೂ ಜಾರುತ್ತಿದೆ. ಎಸಿ ಲೀಕ್ ಕಾಯಿಲ್‌ನಲ್ಲೇ. ಟೈರ್ ಮೇಲೆ 1218 ಎಂದಿದೆ. ಹೆದ್ದಾರಿ ಓಡಾಟ ತೀರಾ ಕಡಿಮೆ.

ಮೂರು_ಸಿಲಿಂಡರ್

ಹಾಗಾದರೆ ಇಟ್ಟುಕೊಳ್ಳಿ. ಹಾಫ್ ಇಂಜಿನ್‌ನ 26,000 ಕೈಬಿಡಿ, 38,000 ಉಳಿಯಿತು. 1218 ಅಂದರೆ 2018ರ 12ನೇ ವಾರದ ಟೈರ್, ಟ್ರೆಡ್ (ಮೇಲಿನ ಗೀರು) ಇದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಹಿಡಿಯುವುದಿಲ್ಲ. ನಾಲ್ಕನ್ನೂ ಬದಲಿಸಿ, 14–16 ಸಾವಿರ ಇಟ್ಟುಕೊಳ್ಳಿ. ಆರ್‌ಸಿ ಶುಲ್ಕ ಸೇರಿ ಹತ್ತಿರಹತ್ತಿರ 60,000 ಆಗುತ್ತದೆ. ಮೊತ್ತ ಹೆಚ್ಚುಕಡಿಮೆ ಮೊದಲಿನದೇ, ಆದರೆ ಈಗ ಸರಿಯಾದ ಜಾಗಕ್ಕೆ ಹೋಗುತ್ತಿದೆ. 5 ವರ್ಷ ಓಡಿದರೆ ತಿಂಗಳಿಗೆ 1,000, ಮೂರೇ ವರ್ಷ ಓಡಿದರೂ 1,700ರ ಒಳಗೆ. ಇದನ್ನು ಹೋಲಿಸಬೇಕಾದ್ದು ಹಳೆ ಕಾರಿನ 80–90 ಸಾವಿರದ ಜೊತೆ ಅಲ್ಲ. ಆ ದುಡ್ಡಿನ ಮೇಲೆ ಒಂದೂವರೆ-ಎರಡು ಲಕ್ಷ ಸೇರಿಸಿ ತರುವ ಇನ್ನೊಂದು ಸೆಕೆಂಡ್‌ಹ್ಯಾಂಡ್ ಕಾರಿನ ಜೊತೆ ಹೋಲಿಸಿ. ಅದಕ್ಕೂ ಟೈರ್, ಬ್ಯಾಟರಿ, ಕ್ಲಚ್ ಕೇಳುವ ವಯಸ್ಸೇ ಆಗಿರುತ್ತದೆ.

ತಗಡು_ತಜ್ಞ

ವೆಲ್ಡಿಂಗ್ ಕೆಲಸ ಮೇ ಒಳಗೆ ಮುಗಿಸಿ. ತೇವದ ಗಾಳಿಯಲ್ಲಿ ಪ್ರೈಮರ್, ಸೀಲರ್ ಹಿಡಿಯುವುದಿಲ್ಲ. ಫ್ಲೋರ್ ಮತ್ತು ರನ್ನಿಂಗ್ ಬೋರ್ಡ್ ಎರಡಕ್ಕೆ ಮಾತ್ರ ಮಾತಾಡಿ, ಪೂರ್ತಿ ಬಣ್ಣ ಬೇಡ ಎನ್ನಿ. ವೆಲ್ಡ್ ಆದಮೇಲೆ ಕ್ಲಚ್, ಸಸ್ಪೆನ್ಷನ್, ಅಲೈನ್‌ಮೆಂಟ್, ಟೈರ್. ಜೂನ್‌ನಲ್ಲಿ ಆರ್‌ಸಿ ಅರ್ಜಿ. ಕಾರು ತಪಾಸಣೆಯಲ್ಲಿ ಪಾಸಾದ ಮೇಲೆಯೇ ಎಸಿಗೆ ದುಡ್ಡು ಹಾಕಿ. ಕಾಯಿಲ್ ಜೊತೆ ರಿಸೀವರ್ ಡ್ರೈಯರ್ ಮತ್ತು ಓ-ರಿಂಗ್‌ಗಳೂ ಹೊಸದಿರಲಿ. ಅರ್ಧ ಗಂಟೆ ವ್ಯಾಕ್ಯೂಮ್ ಹಿಡಿದು ಗೇಜಿನ ಮುಳ್ಳು ಅಲ್ಲಾಡದೆ ನಿಂತರೆ ಮಾತ್ರ ಗ್ಯಾಸ್ ತುಂಬಿಸಿ.