ಸಹಾಯ ಬೇಕು: ತಪ್ಪಾಗಿ ಬದಲಾದ ಭಾಗಿಯ ಸ್ಥಿತಿಯನ್ನು ಮರಳಿಸುವುದು ಹೇಗೆ?

ನಮಸ್ಕಾರ. ನಾನು ಕ್ಲಿನಿಕಲ್ ಟ್ರಯಲ್ ಒಂದರ ದತ್ತಾಂಶ ನಿರ್ವಹಣೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕಳೆದ ವಾರ ಅಕ್ಕಪಕ್ಕದ ಎರಡು ಭಾಗಿ-ಸಂಖ್ಯೆಗಳನ್ನು ಅದಲುಬದಲು ಮಾಡಿಕೊಂಡು, ಪ್ರಯೋಗದಲ್ಲಿ ಇನ್ನೂ ಮುಂದುವರಿದಿರುವ ಭಾಗಿಯೊಬ್ಬರನ್ನು ‘ಹಿಂದೆ ಸರಿದವರು’ ಎಂದು ದಾಖಲಿಸಿಬಿಟ್ಟೆ. ತಕ್ಷಣವೇ ಅವರ ಮುಂದಿನ ಭೇಟಿಗಳ ನಮೂನೆಗಳೆಲ್ಲ ಲಾಕ್ ಆದವು, ಉತ್ತರ ಬಾಕಿಯಿದ್ದ ಕ್ವೆರಿಗಳೂ (ದತ್ತಾಂಶದ ಬಗ್ಗೆ ಎತ್ತಿದ ಪ್ರಶ್ನೆಗಳೂ) ತಾವಾಗಿಯೇ ಮುಚ್ಚಿಹೋದವು.

ಸ್ಥಿತಿಯನ್ನು ‘ಸಕ್ರಿಯ’ ಎಂದು ಮರಳಿಸಿದರೆ ಈ ನಮೂನೆಗಳೂ ಕ್ವೆರಿಗಳೂ ಮೊದಲಿನಂತೆ ತೆರೆದುಕೊಳ್ಳುತ್ತವೆಯೇ, ಅಥವಾ ಒಂದೊಂದನ್ನೇ ತೆರೆಯಬೇಕೇ? ಸರಿಯಾದ ಕಾರಣಕ್ಕಾಗಿಯೇ ಈ ಮೊದಲು ತೆಗೆದುಹಾಕಿದ್ದ ಒಂದು ನಮೂನೆಯೂ ಇವುಗಳ ಜೊತೆಗೆ ಜೀವ ಪಡೆದುಬಿಟ್ಟರೆ ಎಂಬುದೇ ನನ್ನ ಮುಖ್ಯ ಆತಂಕ.

ತಪ್ಪನ್ನು ಅಳಿಸುವುದು ನನ್ನ ಉದ್ದೇಶವಲ್ಲ. ಬದಲಾವಣೆಯು ಹಿಂದಿನ ದಾಖಲೆಯನ್ನು ಮರೆಮಾಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1997ರಲ್ಲಿ ಜಾರಿಗೆ ತಂದ, ವಿದ್ಯುನ್ಮಾನ ದಾಖಲೆಗಳ ಕುರಿತ ನಿಯಮ 21 ಸಿಎಫ್‌ಆರ್ ಭಾಗ 11 ವಿಧಿಸುತ್ತದೆ. ಹಾಗಾಗಿ ಆಡಿಟ್ ಟ್ರೇಲ್‌ನಲ್ಲಿ (ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬ ದಾಖಲೆಯಲ್ಲಿ) ತಪ್ಪೂ ತಿದ್ದುಪಡಿಯೂ ಕಾರಣಸಮೇತ ಉಳಿಯಬೇಕು. ಸ್ಥಿತಿ ಸರಿಯಾಗದೆ ಆ ಭಾಗಿಗೆ ಮುಂದಿನ ಔಷಧದ ಕಿಟ್ ಹಂಚಿಕೆಯಾಗುವುದಿಲ್ಲವಾದ್ದರಿಂದ, ಇಂಥ ತಿದ್ದುಪಡಿ ಮಾಡಿದ ಅನುಭವವುಳ್ಳವರು ತಾವು ಅನುಸರಿಸಿದ ಕ್ರಮವನ್ನೂ, ಪ್ರಧಾನ ಸಂಶೋಧಕರ ಸಹಿಯನ್ನು ಮತ್ತೆ ಪಡೆಯಬೇಕಾಯಿತೇ ಎಂಬುದನ್ನೂ ದಯವಿಟ್ಟು ತಿಳಿಸಿ.